ಏರ್ ಕಂಡೀಷನರ್ ಬಳಸಿ ಮನೆಯಲ್ಲೇ ತಂಪು ಕೋಣೆ

ಹುರುಳಿಕಾಯಿ ಬಿಡಿಸುವುದು ಬೆಳಿಗ್ಗೆ. ಅದು ಬೆಂಗಳೂರಿನ ಕಲಾಸಿಪಾಳ್ಯ ಸೇರಿ ಮಾರಾಟವಾಗುವುದು ಮರುದಿನ ಬೆಳಗಿನ ಜಾವ. ಈ ನಡುವಿನ ಹದಿನೈದು-ಹದಿನೆಂಟು ಗಂಟೆಗಳ ಕಾಲ ಕಾಯಿ ಎಲ್ಲಿರುತ್ತದೆ? ಸ್ವಲ್ಪ ಹೊತ್ತು ಹೊಂಗೆ ಮರದ ನೆರಳಿನಲ್ಲಿ, ಸ್ವಲ್ಪ ಹೊತ್ತು ಜಗಲಿಯ ಮೇಲೆ, ಆಮೇಲೆ ಒತ್ತಿ ತುಂಬಿದ ಗೋಣಿಚೀಲದಲ್ಲಿ, ಟೆಂಪೋದ ಮೇಲೆ. ಆ ಚೀಲದ ನಡುವೆ ಕೈ ತೂರಿಸಿ ನೋಡಿದ ರೈತರಿಗೆ ಅಲ್ಲಿನ ಬಿಸಿ ಗೊತ್ತು. ನೂರಕ್ಕೆ ಐದು ಭಾಗದಷ್ಟು ನೀರು ಹೋದರೆ ಸಾಕು, ಕಾಯಿ ಬಾಡಿದಂತೆ ಕಾಣುತ್ತದೆ. ಮುರಿದರೆ ಟಕ್ ಎನ್ನುವುದಿಲ್ಲ. ಮಂಡಿಯವನು ಮುರಿದು ನೋಡಿಯೇ ಬೆಲೆ ಹೇಳುತ್ತಾನೆ. ಹೀಗೆ ತೂಕದಲ್ಲಿ ಒಮ್ಮೆ, ದರದಲ್ಲಿ ಒಮ್ಮೆ, ರೈತನಿಗೆ ಎರಡು ಸಲ ನಷ್ಟವಾಗುತ್ತದೆ.

ದೊಡ್ಡ ಶೈತ್ಯಾಗಾರಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅವು ಆಲೂಗೆಡ್ಡೆ, ಹುಣಸೆಹಣ್ಣು, ಒಣಮೆಣಸಿನಕಾಯಿಯಂತಹ ಸರಕನ್ನು ತಿಂಗಳುಗಟ್ಟಲೆ ಇಡುವವರಿಗೆ ಅನುಕೂಲ. ಒಂದೆರಡು ಎಕರೆಯಲ್ಲಿ ವಾರಕ್ಕೆ ಎರಡು ಸಲ ನಾಲ್ಕೈದು ಕ್ವಿಂಟಲ್ ಕಾಯಿ ಬಿಡಿಸುವವನು ಅದನ್ನು ಇಪ್ಪತ್ತು ಮೈಲಿ ಆಚೆಯ ಶೈತ್ಯಾಗಾರಕ್ಕೆ ಸಾಗಿಸಿ, ಮತ್ತೆ ತಂದು ಮಾರುವುದು ಆಗದ ಮಾತು. ಅಂಥವರಿಗೆ ಮನೆಯ ಮಗ್ಗುಲಲ್ಲೇ ಒಂದು ಸಣ್ಣ ತಂಪು ಕೋಣೆ ಇದ್ದರೆ ಹೇಗೆ? ಅಂಗಡಿಯಲ್ಲಿ ಸಿಗುವ ಸಾಮಾನ್ಯ ಏರ್ ಕಂಡೀಷನರ್ ಒಂದರಿಂದ ಇದನ್ನು ಮಾಡಲು ಸಾಧ್ಯ. ಅದರ ವಿಧಾನವನ್ನೂ, ಅದಕ್ಕಿಂತ ಹೆಚ್ಚಾಗಿ ಅದು ಕೆಡುವ ಬಗೆಗಳನ್ನೂ ಈ ಲೇಖನದಲ್ಲಿ ತಿಳಿಸಲಾಗಿದೆ. ನಾನು ಬೇಸಾಯಶಾಸ್ತ್ರದವನೇ ಹೊರತು ಯಂತ್ರಶಾಸ್ತ್ರದವನಲ್ಲ. ಆದರೆ ಈ ಕೋಣೆಯ ವಿಷಯದಲ್ಲಿ ಯಂತ್ರದ ಪಾಲು ಎಷ್ಟು ಕಡಿಮೆ ಎಂಬುದನ್ನು ಕೈ ಸುಟ್ಟುಕೊಂಡು ಕಲಿತಿದ್ದೇನೆ.

ಕಿತ್ತ ಕಾಯಿಗೂ ಉಸಿರಿದೆ

ಗಿಡದಿಂದ ಬಿಡಿಸಿದ ಮೇಲೂ ಕಾಯಿ, ಸೊಪ್ಪು, ಹೂವು ಉಸಿರಾಡುತ್ತಲೇ ಇರುತ್ತವೆ. ತಮ್ಮಲ್ಲಿರುವ ಸಕ್ಕರೆಯನ್ನು ಸುಟ್ಟು ಇಂಗಾಲದ ಡೈ ಆಕ್ಸೈಡನ್ನೂ ನೀರಾವಿಯನ್ನೂ ಶಾಖವನ್ನೂ ಹೊರಬಿಡುತ್ತವೆ. ಉಷ್ಣತೆ 10 ಡಿಗ್ರಿ ಸೆಂ. ಏರಿದರೆ ಈ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಅಂದರೆ 28 ಡಿಗ್ರಿಯಲ್ಲಿ ಒಂದು ದಿನದಲ್ಲಿ ಮುಗಿಯುವ ಆಯುಷ್ಯ 8 ಡಿಗ್ರಿಯಲ್ಲಿ ಐದಾರು ದಿನ ಬರುತ್ತದೆ ಎಂದು ಒರಟಾಗಿ ಲೆಕ್ಕ ಹಿಡಿಯಬಹುದು. ರಾಶಿ ಹಾಕಿದಾಗ ಕಾಯಿಯ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ರಾಶಿಯೇ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಉಸಿರಾಟ ಹೆಚ್ಚುತ್ತದೆ. ಚೀಲದ ನಡುವಿನ ಬಿಸಿಗೆ ಇದೇ ಕಾರಣ.

ಬಿಡಿಸುವಾಗ ಕಾಯಿಯಲ್ಲಿ ಇರುವ ಶಾಖಕ್ಕೆ 'ಹೊಲದ ಬಿಸಿ' ಎನ್ನೋಣ. ಈ ಹೊಲದ ಬಿಸಿಯನ್ನು ಎಷ್ಟು ಬೇಗ ತೆಗೆಯುತ್ತೇವೆಯೋ ಅಷ್ಟು ಲಾಭ. ಮೊದಲ ಕೆಲವು ಗಂಟೆಗಳ ತಡವನ್ನು ಆಮೇಲೆ ಎಷ್ಟು ತಂಪು ಕೊಟ್ಟರೂ ತುಂಬಿಕೊಡಲಾಗದು.

ಏರ್ ಕಂಡೀಷನರ್ ಮಾಡುವ ಕೆಲಸ

ಮನೆ, ಕಚೇರಿಗಳಿಗೆಂದು ತಯಾರಾದ ಏರ್ ಕಂಡೀಷನರ್ ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಇಳಿಸುವ ಶಕ್ತಿ ಅದಕ್ಕಿಲ್ಲ ಎಂದಲ್ಲ. ಇಳಿಯದಂತೆ ಅದರ ನಿಯಂತ್ರಕವನ್ನು ಕಟ್ಟಿಹಾಕಿದ್ದಾರೆ. ಇದಕ್ಕೆ ಕಾರಣವೂ ಉಂಟು. ಒಳಗಿನ ತಂಪು ಸುರುಳಿಯ ಮೇಲೆ ಒತ್ತಾಗಿ ಜೋಡಿಸಿದ ತೆಳು ಅಲ್ಯೂಮಿನಿಯಂ ತಗಡುಗಳಿರುತ್ತವೆ. ಕೋಣೆ ತೀರ ತಣ್ಣಗಾದರೆ ಈ ತಗಡುಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿ, ಗಾಳಿಯ ತೇವ ಅವುಗಳ ಮೇಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಗಡ್ಡೆ ಕಟ್ಟಿದರೆ ಗಾಳಿ ಹಾಯಲು ಸಂದಿಲ್ಲ. ಗಾಳಿ ಹಾಯದಿದ್ದರೆ ಕೋಣೆಗೆ ತಂಪಿಲ್ಲ. ಯಂತ್ರ ಓಡುತ್ತಲೇ ಇದ್ದು ಕೊನೆಗೆ ಕಂಪ್ರೆಸರ್ ಹಾಳಾಗುತ್ತದೆ.

ಇದಕ್ಕೆ ಉಪಾಯ ಕಂಡವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ತರಕಾರಿ ಬೆಳೆಗಾರ ರಾನ್ ಖೋಸ್ಲಾ. ತಮ್ಮ ಹೊಲದ ತರಕಾರಿಗೆ ದೊಡ್ಡ ಶೀತಲ ಯಂತ್ರ ಕೊಳ್ಳಲಾಗದೆ, ಈ ಶತಮಾನದ ಮೊದಲ ದಶಕದಲ್ಲಿ ಅವರು ಒಂದು ಚಿಕ್ಕ ನಿಯಂತ್ರಕವನ್ನು ರೂಪಿಸಿದರು. ಅದು 'ಕೂಲ್‌ಬಾಟ್' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದವರು ಇದನ್ನು ಭಾರತ, ಉಗಾಂಡ, ಹೊಂಡುರಾಸ್ ದೇಶಗಳಲ್ಲಿಯೂ ಪ್ರಯೋಗಿಸಿ ನೋಡಿದರು.

ಈ ನಿಯಂತ್ರಕ ಕೆಲಸ ಮಾಡುವ ರೀತಿ ಸರಳವಾಗಿದೆ. ಅದಕ್ಕೆ ಮೂರು ತಂತಿಗಳಿವೆ. ಒಂದರ ತುದಿ ಕೋಣೆಯ ಉಷ್ಣತೆಯನ್ನು ನೋಡುತ್ತದೆ. ಇನ್ನೊಂದರ ತುದಿಯನ್ನು ತಂಪು ತಗಡುಗಳ ನಡುವೆ ಸಿಕ್ಕಿಸಬೇಕು. ಮೂರನೆಯದರ ತುದಿಯಲ್ಲಿ ಸಣ್ಣದೊಂದು ಬಿಸಿಯಾಗುವ ಮಣಿಯಿದ್ದು, ಅದನ್ನು ಏರ್ ಕಂಡೀಷನರಿನ ಸ್ವಂತ ಸೆನ್ಸರಿಗೆ ಒತ್ತಿ ಕಟ್ಟಬೇಕು. ಕೋಣೆ ಇನ್ನೂ ಬೇಕಾದಷ್ಟು ತಣ್ಣಗಾಗದಿದ್ದರೆ ಮಣಿ ಕೊಂಚ ಬಿಸಿಯಾಗುತ್ತದೆ. ಯಂತ್ರವು ಕೋಣೆ ಸೆಕೆಯಾಗಿದೆಯೆಂದು ನಂಬಿ ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ. ತಗಡು ಸೊನ್ನೆ ಡಿಗ್ರಿ ಮುಟ್ಟಿತೆಂದರೆ ಮಣಿಯ ಬಿಸಿ ನಿಲ್ಲುತ್ತದೆ. ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನು ಮಾತ್ರ ತಿರುಗುತ್ತಿರುತ್ತದೆ. ಕೋಣೆಯ ಆರೆಂಟು ಡಿಗ್ರಿಯ ಗಾಳಿಯೇ ತಗಡಿನ ಮೇಲಿನ ಮಂಜನ್ನು ಕರಗಿಸುತ್ತದೆ. ಕೆಲವು ನಿಮಿಷಗಳ ನಂತರ ಮತ್ತೆ ಮೊದಲಿನಂತೆ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಫ್ಯಾನು ಸದಾ ಅತಿ ವೇಗದಲ್ಲಿ ತಿರುಗುವಂತೆ ಇಟ್ಟಿರಬೇಕು. ಎರಡನೆಯದಾಗಿ, ಕೆಲವು ಮೆಕ್ಯಾನಿಕ್ಕುಗಳು 'ಇದಕ್ಕೆಲ್ಲ ಡಬ್ಬಿ ಯಾಕೆ ಸ್ವಾಮಿ, ಸೆನ್ಸರ್ ತಂತಿ ಕತ್ತರಿಸಿ ನೇರ ಕೊಟ್ಟರೆ ಆಯಿತು' ಎನ್ನುತ್ತಾರೆ. ಹಾಗೆ ಮಾಡಿದರೆ ತಗಡಿನ ಉಷ್ಣತೆಯನ್ನು ನೋಡುವವರೇ ಇಲ್ಲವಾಗಿ ಯಂತ್ರ ಗಡ್ಡೆ ಕಟ್ಟುತ್ತದೆ. ತಗಡಿನ ಉಷ್ಣತೆ ನೋಡುವ ತಂತಿಯಿಲ್ಲದ ಯಾವ ಏರ್ಪಾಡನ್ನೂ ಒಪ್ಪಬೇಡಿ. ಈಚೆಗೆ ಬರುತ್ತಿರುವ ಅನೇಕ ಯಂತ್ರಗಳಲ್ಲಿ ಉರಿಯಬಲ್ಲ ಅನಿಲ ಇರುವುದರಿಂದ ಅನಿಲದ ಕೊಳವೆಯನ್ನೂ ಮುಟ್ಟಕೂಡದು. ಈ ಏರ್ಪಾಡಿಗೆ ಅದರ ಅಗತ್ಯವೂ ಇಲ್ಲ.

ಯಂತ್ರ ಕೊಳ್ಳುವಾಗ ಕಿಟಕಿಗೆ ಕೂರಿಸುವ ಸಾದಾ ಬಗೆಯದು ಉತ್ತಮ. ಇನ್ವರ್ಟರ್ ಬಗೆಯವು ತಮ್ಮ ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದರೆ ದೋಷವೆಂದು ತಿಳಿದು ನಿಂತುಬಿಡುವುದುಂಟು. ಯಾವ ಮಾದರಿಗೆ ನಿಯಂತ್ರಕ ಹೊಂದುತ್ತದೆ ಎಂಬುದನ್ನು ನಿಯಂತ್ರಕ ಮಾರುವವರಲ್ಲಿ ಮೊದಲು ಕೇಳಿ, ಆಮೇಲೆ ಯಂತ್ರ ಕೊಳ್ಳಬೇಕು. ಹೀಗೆ ಬಳಸಿದ ಯಂತ್ರಕ್ಕೆ ತಯಾರಕರ ಖಾತರಿ ಸಿಗದೆ ಹೋಗಬಹುದು ಎಂಬುದೂ ನೆನಪಿನಲ್ಲಿರಲಿ.

ಗೋಡೆಯೇ ಮುಖ್ಯ

ಒಳಗೆ 8 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರದ ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಡುವೆ ಓಡಾಡಲು ಜಾಗ ಬಿಟ್ಟು 40 ಕ್ರೇಟು ಇಡಬಹುದು. ಹುರುಳಿಕಾಯಿಯಾದರೆ ಸುಮಾರು 500 ಕೆ.ಜಿ. ಹೊರಗೆ 33 ಡಿಗ್ರಿ, ಒಳಗೆ 8 ಡಿಗ್ರಿ ಬೇಕು.

ಬರೀ 9 ಅಂಗುಲದ ಇಟ್ಟಿಗೆ ಗೋಡೆಯಾದರೆ ಗೋಡೆ, ಸೂರು, ನೆಲ ಸೇರಿ ಸುಮಾರು 1700 ವ್ಯಾಟ್ ಶಾಖ ಸತತವಾಗಿ ಒಳಗೆ ಹರಿಯುತ್ತದೆ. ದೊಡ್ಡದೊಂದು ವಿದ್ಯುತ್ ಒಲೆಯನ್ನು ಕೋಣೆಯೊಳಗೆ ಹಗಲೂ ರಾತ್ರಿ ಉರಿಸಿದಂತೆಯೇ ಇದು. ಅದೇ ಕೋಣೆಗೆ ಎಲ್ಲ ಕಡೆ 4 ಅಂಗುಲ ಥರ್ಮೋಕೋಲ್ ಹೊದಿಸಿದರೆ ಒಳಬರುವ ಶಾಖ 300 ವ್ಯಾಟಿಗೆ ಇಳಿಯುತ್ತದೆ. ಇನ್ನು 500 ಕೆ.ಜಿ. ಕಾಯಿಯನ್ನು 28ರಿಂದ 8 ಡಿಗ್ರಿಗೆ 12 ಗಂಟೆಯಲ್ಲಿ ಇಳಿಸಲು ಸುಮಾರು 900 ವ್ಯಾಟ್ ತೆಗೆಯಬೇಕು. ಕಾಯಿಯ ಉಸಿರಿನ ಶಾಖ, ಬಾಗಿಲು ತೆರೆದಾಗ ನುಗ್ಗುವ ಗಾಳಿ ಸೇರಿದರೆ ಒಟ್ಟು 1600 ವ್ಯಾಟಿನ ಆಸುಪಾಸು.

ಒಂದೂವರೆ ಟನ್ನಿನ ಯಂತ್ರಕ್ಕೆ ಕಾಗದದ ಮೇಲೆ 5200 ವ್ಯಾಟ್ ಶಕ್ತಿಯಿದೆ. ಆದರೆ ಅದು ಒಳಗೆ 27 ಡಿಗ್ರಿ, ಹೊರಗೆ 35 ಡಿಗ್ರಿ ಇರುವಾಗ ಅಳೆದದ್ದು. ತಣ್ಣನೆಯ ಕೋಣೆಯಲ್ಲಿ, ಮಂಜು ಕರಗಿಸಲು ಆಗಾಗ ನಿಲ್ಲುತ್ತ, ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು. ಥರ್ಮೋಕೋಲ್ ಹೊದಿಸಿದ ಕೋಣೆಗೆ ಅದು ಸಾಕು. ಬರೀ ಇಟ್ಟಿಗೆಯ ಕೋಣೆಗೆ ಸಾಲದು. ಆಗ ರೈತ ಇನ್ನೊಂದು ಯಂತ್ರ ತರಲು ಓಡುತ್ತಾನೆ. ಆ ಹಣವನ್ನು ಗೋಡೆಗೆ ಹಾಕಿದ್ದರೆ ಒಂದು ಸಲಕ್ಕೆ ಮುಗಿಯುತ್ತಿತ್ತು. ಯಂತ್ರಕ್ಕೆ ಹಾಕಿದರೆ ತಿಂಗಳು ತಿಂಗಳೂ ವಿದ್ಯುತ್ ಬಿಲ್ಲಿನಲ್ಲಿ ಕಟ್ಟಬೇಕು.

ಈಗ ಹೊದಿಕೆಯ ವಿವರ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 2 ಅಂಗುಲ ದಪ್ಪದ ಥರ್ಮೋಕೋಲ್ ಹಲಗೆಗಳು ಈ ಅಳತೆಯ ಕೋಣೆಗೆ ಸುಮಾರು 150 ಬೇಕಾಗುತ್ತವೆ. ಪ್ಯಾಕಿಂಗಿಗೆ ಬರುವ ಹಗುರ ಜಾತಿ ಬೇಡ. ಘನ ಮೀಟರಿಗೆ 20 ಕೆ.ಜಿ. ತೂಗುವ ಜಾತಿ ಕೇಳಿ. ಹಲಗೆಗಳನ್ನು ಎರಡು ಪದರವಾಗಿ, ಇಟ್ಟಿಗೆ ಕಟ್ಟುವಂತೆ ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಂತೆ ಜೋಡಿಸಬೇಕು. ಸೂರಿಗೆ ಮೂರು ಪದರ ಹಾಕಿದರೆ ಒಳ್ಳೆಯದು. ನೆಲದ ಮಣ್ಣು ವರ್ಷವಿಡೀ ಅಷ್ಟೊಂದು ಬಿಸಿಯಾಗದ ಕಾರಣ ಅಲ್ಲಿ ಗಟ್ಟಿ ಜಾತಿಯ ಒಂದು ಪದರ ಹಾಕಿ ಮೇಲೆ 2 ಅಂಗುಲ ಕಾಂಕ್ರೀಟ್ ಎಳೆದರೆ ಸಾಕು. ಪೆಟ್ರೋಲ್ ಅಥವಾ ಥಿನ್ನರ್ ಬೆರೆತ ಅಂಟು ಥರ್ಮೋಕೋಲನ್ನೇ ತಿಂದುಹಾಕುತ್ತದೆ, ಜೋಕೆ. ಒಳಮುಖಕ್ಕೆ ಕೋಳಿಬಲೆ ಬಡಿದು ತೆಳ್ಳಗೆ ಸಿಮೆಂಟ್ ಗಿಲಾವು ಮಾಡಿ. ಬೆತ್ತಲೆ ಬಿಟ್ಟ ಥರ್ಮೋಕೋಲಿಗೆ ಒಂದು ಕಡೆ ಬೆಂಕಿಯ ಭಯ, ಇನ್ನೊಂದು ಕಡೆ ಇಲಿ ಇರುವೆಗಳ ಕಾಟ. ಕಬ್ಬಿಣದ ತಗಡುಗಳ ನಡುವೆ ಪಫ್ ತುಂಬಿದ ಸಿದ್ಧ ಹಲಗೆಗಳೂ ಸಿಗುತ್ತವೆ. ಅವು 60 ಮಿ.ಮೀ. ಇದ್ದರೆ ಹೆಚ್ಚುಕಡಿಮೆ 4 ಅಂಗುಲ ಥರ್ಮೋಕೋಲಿಗೆ ಸಮ. ಬೆಲೆ ಹೆಚ್ಚು, ಕೆಲಸ ಬೇಗ. ಭತ್ತದ ಹೊಟ್ಟನ್ನು ತುಂಬಬಹುದೇ ಎಂದು ಕೇಳುವವರಿದ್ದಾರೆ. ಒಣಗಿರುವವರೆಗೆ ಹೊಟ್ಟು ಶಾಖವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ತಂಪು ಕೋಣೆಯ ಗೋಡೆಯಲ್ಲಿ ಅದನ್ನು ಒಣಗಿಸಿಡುವುದು ಕಷ್ಟ, ಇಲಿಯನ್ನು ಹೊರಗಿಡುವುದು ಇನ್ನೂ ಕಷ್ಟ.

ಬಾಗಿಲಿಗೂ ಅಷ್ಟೇ ದಪ್ಪದ ಹೊದಿಕೆ, ಸುತ್ತಲೂ ರಬ್ಬರ್ ಪಟ್ಟಿ, ಒಳಗಡೆ ಇಳಿಬಿಟ್ಟ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇರಲಿ. ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು. ಇದು ಐಚ್ಛಿಕ ವಿಷಯವಲ್ಲ. ಆಟವಾಡುವ ಮಕ್ಕಳು ಒಳಹೊಕ್ಕು ಬಾಗಿಲು ಹಾಕಿಕೊಂಡರೆ ಕೂಗಿದರೂ ಹೊರಗೆ ಕೇಳಿಸದು. ಹೊರಚಿಲಕವೊಂದನ್ನೇ ಇಟ್ಟ ಕೋಣೆಯನ್ನು ಕಂಡರೆ ವಿಸ್ತರಣಾ ಕಾರ್ಯಕರ್ತರು ಅದನ್ನು ಅಲ್ಲೇ ಬದಲಿಸಲು ಹೇಳಬೇಕು.

ನಮ್ಮ ಮೊದಲ ಕೋಣೆ

ಕೆಲವು ವರ್ಷಗಳ ಹಿಂದೆ ಮಾಲೂರಿನ ಕಡೆಯ ರೈತರೊಬ್ಬರಿಗೆ ಇಂಥ ಕೋಣೆಯೊಂದನ್ನು ನನ್ನ ಸಲಹೆಯ ಮೇಲೆ ಕಟ್ಟಿಸಲಾಯಿತು. ಯಜಮಾನರ ಮನೆಯಾಕೆ ಸ್ವಸಹಾಯ ಸಂಘದಿಂದ ಸಾಲ ತೆಗೆದು ಹಣ ಕೊಟ್ಟಿದ್ದರು. ಇಟ್ಟಿಗೆ ಗೋಡೆ, ಅದಕ್ಕೆ ಥರ್ಮೋಕೋಲ್, ಅದರ ಒಳಮುಖಕ್ಕೆ ದಪ್ಪ ಪಾಲಿಥೀನ್ ಹಾಳೆ, ಅದರ ಮೇಲೆ ಗಿಲಾವು. ಕೋಣೆಯ ಒಳಗೆ ತೇವವಿರುತ್ತದೆ, ಆದ್ದರಿಂದ ಹಾಳೆ ಒಳಗಡೆ ಇರಲಿ ಎಂದವನು ನಾನೇ. ಕೇಳಿದವರಿಗೆ ಸರಿಯೆಂದೇ ತೋರಿತು.

ಮೊದಲ ಬೇಸಿಗೆಯಲ್ಲಿ ತೊಂದರೆ ಕಾಣಲಿಲ್ಲ. ಎರಡನೆಯ ಮಳೆಗಾಲದ ಕೊನೆಗೆ ವಿದ್ಯುತ್ ಬಿಲ್ಲು ಏರತೊಡಗಿತು. ಯಂತ್ರ ನಿಲ್ಲುವುದೇ ಇಲ್ಲವೆಂದು ಯಜಮಾನರು ದೂರಿದರು. ಗಿಲಾವು ಕಿತ್ತು ನೋಡಿದರೆ ಥರ್ಮೋಕೋಲ್ ಹಲಗೆಗಳು ನೀರು ಕುಡಿದು ಭಾರವಾಗಿದ್ದವು, ಇಟ್ಟಿಗೆಗೆ ಕಪ್ಪು ಬೂಷ್ಟು ಹಿಡಿದಿತ್ತು.

ಆದದ್ದಿಷ್ಟು. ನೀರಾವಿ ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಹೊರಗಿನ ಬೆಚ್ಚನೆಯ ಗಾಳಿಯ ತೇವ ಇಟ್ಟಿಗೆಯನ್ನೂ ಥರ್ಮೋಕೋಲನ್ನೂ ಹಾದು ಒಳಗೆ ಬಂದು, ತಣ್ಣಗಿದ್ದ ಹಾಳೆಗೆ ತಗುಲಿ, ತಂಬಿಗೆಯ ಹೊರಮೈಯಲ್ಲಿ ಬೆವರುವಂತೆ ಅಲ್ಲೇ ನೀರಾಯಿತು. ಹಾಳೆಯಿದ್ದುದರಿಂದ ಆ ನೀರು ಕೋಣೆಗೂ ಬರಲಾರದೆ ಥರ್ಮೋಕೋಲಿನಲ್ಲಿ ಉಳಿಯಿತು. ಥರ್ಮೋಕೋಲಿಗಿಂತ ನೀರು ಹದಿನೈದು ಪಟ್ಟಿಗೂ ಹೆಚ್ಚು ಶಾಖವನ್ನು ಹಾಯಿಸುತ್ತದೆ. ನೆನೆದ ಥರ್ಮೋಕೋಲ್ ಗೋಡೆಯಲ್ಲಿದ್ದರೂ ಇಲ್ಲದಂತೆ. ಹಾಳೆಯನ್ನು ಹಾಕಬೇಕಾದದ್ದು ಹೊರಗಡೆ, ಅಂದರೆ ಇಟ್ಟಿಗೆ ಮತ್ತು ಥರ್ಮೋಕೋಲಿನ ನಡುವೆ. ದಪ್ಪ 800 ಗೇಜು, ಸೇರುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬಂದು ಟೇಪು ಹಚ್ಚಿರಬೇಕು. ಒಂದು ಮೊಳೆ ತೂತನ್ನೂ ಬಿಡಬಾರದು.

ಆ ಗೋಡೆಯನ್ನು ಎರಡನೆಯ ಸಲ ಮಾಡಿಸಬೇಕಾಯಿತು. ಸಂಘದ ಕಂತು ಮಾತ್ರ ಎರಡನೆಯ ಸಲಕ್ಕೆಂದು ನಿಲ್ಲಲಿಲ್ಲ. ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಯಾರಾದರೂ ತಂಪು ಕೋಣೆ ಕಟ್ಟುತ್ತೇನೆಂದರೆ ನಾನು ಈಗ ಮೊದಲು ಕೇಳುವುದು ಹಾಳೆ ಯಾವ ಕಡೆಗೆ ಎಂದು.

ತುಂಬುವ ಕ್ರಮ

ಅದೇ ಕೋಣೆಯಲ್ಲಿ ಇನ್ನೊಂದು ಪಾಠವಾಯಿತು. ಗೋಡೆಯ ಮೇಲಿನ ಉಷ್ಣಮಾಪಕ 8 ಡಿಗ್ರಿ ತೋರಿಸುತ್ತಿದ್ದರೂ ಮಂಡಿಯಲ್ಲಿ ಕಾಯಿ ಬಾಡಿದೆ ಎನ್ನುತ್ತಿದ್ದರು. 'ಸಾರ್, ಕೋಣೆ ತಣ್ಣಗೈತೆ, ಕಾಯಿ ಬಿಸಿಯಾಗೈತೆ' ಎಂದರು ಯಜಮಾನರು. ಮಾತು ಅಕ್ಷರಶಃ ನಿಜವಾಗಿತ್ತು. ಕ್ರೇಟುಗಳನ್ನು ಗೋಡೆಗೆ ಒತ್ತಿ, ಒಂದಕ್ಕೊಂದು ಅಂಟಿಸಿ, ಸೂರಿನವರೆಗೆ ಪೇರಿಸಲಾಗಿತ್ತು. ನಡುವಿನ ಕ್ರೇಟಿನೊಳಗೆ ಉಷ್ಣಮಾಪಕ ಇಟ್ಟರೆ ರಾತ್ರಿ ಕಳೆದರೂ 20 ಡಿಗ್ರಿಗಿಂತ ಮೇಲಿತ್ತು. ಆದ್ದರಿಂದ ಗಾಳಿಯ ಉಷ್ಣತೆಯನ್ನಲ್ಲ, ಕಾಯಿಯ ಉಷ್ಣತೆಯನ್ನು ನೋಡಬೇಕು. ಗೋಡೆಗೂ ಕ್ರೇಟಿಗೂ ನಾಲ್ಕು ಬೆರಳು, ಸಾಲು ಸಾಲಿನ ನಡುವೆ ಮೂರು ಬೆರಳು ಸಂದು ಬಿಡಿ. ನೆಲದ ಮೇಲೆ ಮರದ ಪಟ್ಟಿ ಇಟ್ಟು ಅದರ ಮೇಲೆ ಪೇರಿಸಿ. ಸೂರಿನ ಕೆಳಗೆ ಒಂದೂವರೆ ಅಡಿ ಖಾಲಿ ಇರಲಿ. ಗೋಣಿಚೀಲದಲ್ಲಿ ತುಂಬಿ ಇಡುವುದಂತೂ ಸಲ್ಲದು. ಒಂದು ಸಣ್ಣ ಮೇಜಿನ ಫ್ಯಾನನ್ನು ಮೊದಲ ಐದಾರು ಗಂಟೆ ಕ್ರೇಟುಗಳ ಕಡೆಗೆ ತಿರುಗಿಸಿಟ್ಟರೆ ಹೊಲದ ಬಿಸಿ ಬೇಗ ಇಳಿಯುತ್ತದೆ.

ಹೊಲದ ಬಿಸಿಯೇ ಕಡಿಮೆಯಿರುವಾಗ ಬಿಡಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಮಧ್ಯಾಹ್ನ ಬಿಡಿಸಿದ ಕಾಯಿಗೂ ಬೆಳಿಗ್ಗೆ ಬಿಡಿಸಿದ ಕಾಯಿಗೂ ಏಳೆಂಟು ಡಿಗ್ರಿ ವ್ಯತ್ಯಾಸವಿರುವುದುಂಟು. ಹುರುಳಿಕಾಯಿಯಲ್ಲಿ ಮಾತ್ರ ಒಂದು ಇಕ್ಕಟ್ಟಿದೆ. ಇಬ್ಬನಿ ಆರುವ ಮೊದಲು ಗಿಡದೊಳಗೆ ಓಡಾಡಿದರೆ ರೋಗ ಹರಡುತ್ತದೆ, ಒದ್ದೆ ಕಾಯಿ ಕೊಳೆಯುತ್ತದೆ. ಆದ್ದರಿಂದ ಇಬ್ಬನಿ ಆರಿದೊಡನೆ ತೊಡಗಿ, ಬಿಸಿಲೇರುವ ಮೊದಲು ಮುಗಿಸಿ, ತುಂಬಿದ ಕ್ರೇಟನ್ನು ಆಗಿಂದಾಗಲೇ ಒಳಗೆ ಕಳಿಸಬೇಕು. ಎಲ್ಲ ಬಿಡಿಸಿ ಮುಗಿಯಲಿ, ಒಟ್ಟಿಗೆ ಒಯ್ಯೋಣ ಎಂದು ಬದುವಿನ ಮೇಲೆ ಇಡಕೂಡದು.

ಏರ್ ಕಂಡೀಷನರ್ ಗಾಳಿಯ ತೇವವನ್ನು ಹಿಂಡಿ ಹೊರಹಾಕುತ್ತದೆ. ಆ ತೇವ ಬರುವುದು ನಿಮ್ಮ ಕಾಯಿ, ಸೊಪ್ಪುಗಳಿಂದಲೇ. ಬೆಳಿಗ್ಗೆ ಸಂಜೆ ನೆಲಕ್ಕೆ ನೀರು ಚಿಮುಕಿಸಿ, ಸೊಪ್ಪಿನ ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಒಳಗಿನ ಆರ್ದ್ರತೆ ನೂರಕ್ಕೆ 90ರಷ್ಟು ಇರುವಂತೆ ನೋಡಿಕೊಳ್ಳಬೇಕು. ಯಂತ್ರದಿಂದ ನೀರು ಹೊರಹೋಗುವ ಕೊಳವೆಗೆ ಬಚ್ಚಲಿನದಕ್ಕೆ ಮಾಡುವಂತೆ ನೀರು ನಿಲ್ಲುವ ಬಾಗು ಇರಲಿ. ಇಲ್ಲದಿದ್ದರೆ ಅದರಿಂದಲೇ ಬಿಸಿಗಾಳಿ ಒಳಸೇರುತ್ತದೆ.

ಯಾವುದಕ್ಕೆ ಎಷ್ಟು ತಂಪು

ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಬಿಸಿ ನಾಡಿನ ಬೆಳೆಗಳಿಗೆ ತೀರ ತಂಪೂ ಪೆಟ್ಟೇ. ಬಾಳೆ 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗುತ್ತದೆ. ಬದನೆಯ ಬೀಜ ಕಂದುತ್ತದೆ. ಅದಕ್ಕೂ ಸೌತೆಗೂ 10ರಿಂದ 12 ಡಿಗ್ರಿ ಇರಲಿ. ಬಲಿತ ಹಸಿರು ಟೊಮ್ಯಾಟೊವನ್ನು 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇಟ್ಟರೆ ಹೊರಗೆ ತೆಗೆದ ಮೇಲೆ ಸರಿಯಾಗಿ ಬಣ್ಣ ಬಾರದೆ ಕೊಳೆಯುತ್ತದೆ; ಅದಕ್ಕೆ 13 ಡಿಗ್ರಿ ಬೇಕು. ಬೆಂಡೆ, ದಪ್ಪ ಮೆಣಸಿನಕಾಯಿಗಳಿಗೆ 7ರಿಂದ 10. ಹುರುಳಿಕಾಯಿಗೆ 5ರಿಂದ 8. ಅದಕ್ಕಿಂತ ಇಳಿದರೆ ಒಳಗಿರುವಾಗ ಏನೂ ಕಾಣದೆ, ಮಾರುಕಟ್ಟೆಯ ಬಿಸಿಗೆ ಬಂದ ಮೇಲೆ ತುಕ್ಕಿನಂಥ ಚುಕ್ಕೆ ಏಳುತ್ತವೆ. ಕೋಸು, ಹೂಕೋಸು, ಕ್ಯಾರೆಟ್, ಬೀಟ್‌ರೂಟ್, ಕೊತ್ತಂಬರಿ, ಪಾಲಕ್, ಗುಲಾಬಿಗಳು ಮಾತ್ರ ಈ ಯಂತ್ರ ಕೊಡಬಲ್ಲ 2ರಿಂದ 4 ಡಿಗ್ರಿಯ ತಂಪನ್ನೂ ಸಂತೋಷದಿಂದ ತಡೆಯುತ್ತವೆ. ಈರುಳ್ಳಿಯನ್ನು ಈ ಕೋಣೆಯ ಹತ್ತಿರಕ್ಕೂ ತರಬೇಡಿ. ಅದಕ್ಕೆ ಬೇಕಾದದ್ದು ಒಣಗಾಳಿ.

ಬಾಳೆ, ಮಾವು, ಪರಂಗಿ, ಹಣ್ಣಾದ ಟೊಮ್ಯಾಟೊ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಅದರಿಂದ ಸೊಪ್ಪು, ಸೌತೆ ಹಳದಿಯಾಗುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ, ಹೂವು ಉದುರುತ್ತದೆ. ಇವುಗಳನ್ನು ಒಂದೇ ಕೋಣೆಯಲ್ಲಿ ಕೂಡಿಡಬಾರದು. ದಿನಕ್ಕೊಮ್ಮೆ, ತಂಪು ಹೊತ್ತಿನಲ್ಲಿ, ಬಾಗಿಲು ತೆರೆದು ಒಳಗಿನ ಕೆಟ್ಟ ಗಾಳಿಯನ್ನು ಬದಲಿಸಬೇಕು.

ವಿದ್ಯುತ್ತು ಮತ್ತು ಖರ್ಚು

ಪಂಪ್‌ಸೆಟ್ಟಿನ ಮಾರ್ಗದಿಂದ ಇದಕ್ಕೆ ವಿದ್ಯುತ್ ತೆಗೆಯುವ ಆಲೋಚನೆ ಬೇಡ. ಅದು ನಿಯಮಕ್ಕೂ ವಿರುದ್ಧ, ಅಲ್ಲಿ ದಿನವಿಡೀ ವಿದ್ಯುತ್ತೂ ಇರದು. ಕೋಣೆಯನ್ನು ಮನೆಯ ಹತ್ತಿರ ಕಟ್ಟಬೇಕೆನ್ನಲು ಇದೂ ಒಂದು ಕಾರಣ. ಯಾವ ದರದ ಸಂಪರ್ಕ ಬೇಕೆಂಬುದನ್ನು ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಿ. ಪ್ರತ್ಯೇಕ ಎಂ.ಸಿ.ಬಿ., 4 ಚದರ ಮಿ.ಮೀ. ತಾಮ್ರದ ತಂತಿ, ಒಳ್ಳೆಯ ಅರ್ಥಿಂಗ್, ಒಂದು ಸ್ಟೆಬಿಲೈಸರ್ ಅವಶ್ಯಕ.

ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ದಿನಕ್ಕೆ 14 ಗಂಟೆ ಕಂಪ್ರೆಸರ್ ಓಡಿದರೆ 21 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಸುಮಾರು 150 ರೂಪಾಯಿ, 500 ಕೆ.ಜಿ. ಮಾಲಿಗೆ ಹಂಚಿದರೆ ಕೆ.ಜಿ.ಗೆ ದಿನಕ್ಕೆ 30 ಪೈಸೆ. ನಿಮ್ಮ ಊರಿನ ದರ ಹಾಕಿ ಲೆಕ್ಕವನ್ನು ತಿದ್ದಿಕೊಳ್ಳಿ. ಕೋಣೆ ಅರ್ಧ ಖಾಲಿಯಿದ್ದರೂ ಬಿಲ್ಲು ಅರ್ಧವಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

ವಿದ್ಯುತ್ ಹೋದಾಗ ಏನು ಗತಿ ಎಂಬುದು ಎಲ್ಲರ ಪ್ರಶ್ನೆ. 500 ಕೆ.ಜಿ. ತಣ್ಣಗಾದ ಕಾಯಿಯಿರುವ, ಥರ್ಮೋಕೋಲ್ ಹೊದಿಸಿದ ಕೋಣೆಯ ಬಾಗಿಲನ್ನು ತೆರೆಯದೆ ಇಟ್ಟರೆ ಉಷ್ಣತೆ ಗಂಟೆಗೆ ಒಂದು ಡಿಗ್ರಿಯೂ ಏರುವುದಿಲ್ಲ. ಎರಡು ಮೂರು ಗಂಟೆಯ ಕಡಿತಕ್ಕೆ ಹೆದರಬೇಕಿಲ್ಲ. ಖಾಲಿ ಜಾಗದಲ್ಲಿ ನೀರು ತುಂಬಿದ ಕ್ಯಾನುಗಳನ್ನು ಇಟ್ಟರೆ ತಂಪನ್ನು ಅವೂ ಹಿಡಿದಿಡುತ್ತವೆ.

ಯಾರಿಗೆ ಬೇಡ

ಕೋಲಾರದ ಕಡೆ ಟೊಮ್ಯಾಟೊ ದರ ಬಿದ್ದು ರಸ್ತೆಗೆ ಸುರಿಯುವಾಗ 'ಸಾರ್, ಕೋಣೆಯೊಂದಿದ್ದರೆ ದರ ಏಳುವ ತನಕ ಇಟ್ಟುಕೊಳ್ಳಬಹುದಿತ್ತು' ಎಂದು ಹೇಳುವವರು ಅನೇಕರು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕವನ್ನು ಒಪ್ಪಲಾರೆ. ಹಣ್ಣಾದ ಟೊಮ್ಯಾಟೊವನ್ನು ಈ ಕೋಣೆ ಒಂದು ವಾರ ಇಟ್ಟೀತು. ಬಿದ್ದ ದರ ವಾರದಲ್ಲಿ ಏಳುವುದೆಂದು ಯಾರೂ ಬರೆದುಕೊಡುವುದಿಲ್ಲ. ಎಕರೆಗೆ ನೂರಾರು ಕ್ರೇಟು ಬರುವ ಬೆಳೆಗೆ 40 ಕ್ರೇಟಿನ ಕೋಣೆ ಯಾವ ಮೂಲೆಗೂ ಸಾಲದು. ಈ ಕೋಣೆಯಿಂದ ಪ್ರಯೋಜನ ಪಡೆಯುವವರು ಹುರುಳಿಕಾಯಿ, ದಪ್ಪ ಮೆಣಸಿನಕಾಯಿ, ಸೊಪ್ಪು, ಗುಲಾಬಿಯಂತಹ ಬೇಗ ಬಾಡುವ, ಬೆಲೆಯುಳ್ಳ ಮಾಲನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಯ್ಯುವವರು. ಎರಡು ದಿನದ ಕೊಯ್ಲು ಕೂಡಿಸಿ ಒಂದೇ ಗಾಡಿಯಲ್ಲಿ ಕಳಿಸುವವರು. ಹಬ್ಬದ ಮುಂಚಿನ ಮೂರು ದಿನ ಹೂವು ಕಾಯ್ದಿಡುವವರು. ಪಟ್ಟಣದ ಮನೆಗಳಿಗೆ ನೇರವಾಗಿ ಮಾರುವವರು. ನಾಲ್ಕೈದು ಮಂದಿ ಕೂಡಿ ಒಂದನ್ನು ಕಟ್ಟಿದರೆ ಇನ್ನೂ ಲೇಸು. ಸಹಾಯಧನದ ಆಸೆಯಿದ್ದವರು ಗೋಡೆ ಎಬ್ಬಿಸುವ ಮೊದಲೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು.

ಇಷ್ಟು ಹಣ ಹೂಡಲಾಗದವರಿಗೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ಇಟ್ಟಿಗೆ ತೊಟ್ಟಿ ಇದ್ದೇ ಇದೆ. ಎರಡು ಸಾಲು ಇಟ್ಟಿಗೆ ಗೋಡೆಯ ನಡುವೆ ಮರಳು ತುಂಬಿ, ದಿನಕ್ಕೆರಡು ಸಲ ನೀರುಣಿಸಿದರೆ ನೀರು ಆರುವಾಗ ಒಳಗೆ ತಂಪಾಗುತ್ತದೆ. ವಿದ್ಯುತ್ತು ಬೇಡ. ಒಣಹವೆಯ ವಿಜಯಪುರ, ರಾಯಚೂರುಗಳಲ್ಲಿ ಬೇಸಿಗೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕರಾವಳಿಯ ಒದ್ದೆ ಗಾಳಿಯಲ್ಲಿ ನಡೆಯುವುದಿಲ್ಲ.

ಮೊದಲ ಪರೀಕ್ಷೆ

ಕೋಣೆ ಸಿದ್ಧವಾದೊಡನೆ ಮಾಲು ತುಂಬಬೇಡಿ. ನಡುಹಗಲಿನಲ್ಲಿ, ಹೊರಗೆ ಒಬ್ಬರನ್ನು ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳಿ. ದೀಪ ಆರಿಸಿ ಎರಡು ನಿಮಿಷ ಕಣ್ಣು ಹೊಂದಲು ಬಿಡಿ. ಬಾಗಿಲ ಅಂಚಿನಲ್ಲಿ, ಯಂತ್ರ ಕೂರಿಸಿದ ಚೌಕಟ್ಟಿನ ಸುತ್ತ, ಸೂರು ಗೋಡೆ ಸೇರುವಲ್ಲಿ ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಯೋ ಅಲ್ಲೆಲ್ಲ ಗಾಳಿ ನುಗ್ಗುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿ ಮುಚ್ಚಿಸಿ. ಆಮೇಲೆ ಹತ್ತಿಪ್ಪತ್ತು ಕ್ಯಾನು ನೀರಿಟ್ಟು ಸಂಜೆ ಯಂತ್ರ ಹಾಕಿ, ಮರುದಿನ ಬೆಳಿಗ್ಗೆ ಕ್ಯಾನಿನ ನೀರಿನ ಉಷ್ಣತೆಯನ್ನು ಅಳೆದು ಗೋಡೆಯ ಮೇಲೆ ತಾರೀಖಿನೊಂದಿಗೆ ಬರೆದಿಡಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅಷ್ಟೇ ಕ್ಯಾನು, ಅಷ್ಟೇ ಹೊತ್ತು ಇಟ್ಟು ಮತ್ತೆ ಅಳೆಯಿರಿ. ನೀರು ಮೊದಲಿನಷ್ಟು ತಣ್ಣಗಾಗದಿದ್ದರೆ ಯಂತ್ರದ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ತಗಡುಗಳಿಗೆ ಹಿಡಿದ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಬಾಗಿಲಿನ ರಬ್ಬರನ್ನು ನೋಡಿ, ಗೋಡೆಯ ಮೂಲೆಯಲ್ಲಿ ಅಂಗೈಯಗಲ ಗಿಲಾವು ಕಿತ್ತು ಥರ್ಮೋಕೋಲ್ ಒಣಗಿದೆಯೇ ಎಂದು ಮುಟ್ಟಿ ನೋಡಿ.